252 ಮೀಟರ್ ನಡಿಗೆ ಮತ್ತು ಕೇಳದೆ ಉಳಿದ ಒಂದು ಪ್ರಶ್ನೆ

ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಐದನೆಯ ವಾರದಲ್ಲಿ ನಮ್ಮ ಹೃದಯ ಪುನಶ್ಚೇತನ ಘಟಕಕ್ಕೆ ಬಂದ ಮಹಿಳೆಯೊಬ್ಬರು ಆರು ನಿಮಿಷದಲ್ಲಿ 252 ಮೀಟರ್ ನಡೆದರು. ಆ ಸಂಖ್ಯೆಯನ್ನು ಕಡತದಲ್ಲಿ ಬರೆದವಳು ನಾನೇ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಅದನ್ನು ಓದಿಕೊಂಡ ರೀತಿಯಲ್ಲಿ ತಪ್ಪಿತ್ತು, ಮತ್ತು ಆ ತಪ್ಪಿನ ಮೇಲೆಯೇ ಎರಡೂವರೆ ವಾರ ಅವರಿಗೆ ವ್ಯಾಯಾಮ ಮಾಡಿಸಿದೆವು. ನಡಿಗೆ ಪರೀಕ್ಷೆ ಮಾಡುವ ಫಿಸಿಯೊಥೆರಪಿಸ್ಟ್‌ಗಳಿಗೆ, ದಾದಿಯರಿಗೆ, ವಿದ್ಯಾರ್ಥಿಗಳಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆ ತಾಯಿಯ ಒಪ್ಪಿಗೆ ಇದೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ವಯಸ್ಸು 63. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದರ ಜೊತೆಗೆ ರಕ್ತದೊತ್ತಡ. ಶಸ್ತ್ರಚಿಕಿತ್ಸೆಗೆ ಮುಂಚಿನ ಎಂಟು ತಿಂಗಳು ನಡೆದರೆ ಎದೆ ಹಿಡಿದುಕೊಳ್ಳುತ್ತಿತ್ತು. ಹೃದಯದ ಮೂರು ರಕ್ತನಾಳಗಳಿಗೆ ಬೈಪಾಸ್ ಮಾಡಿದ್ದರು: ಒಂದಕ್ಕೆ ಎದೆಗೂಡಿನ ಒಳಗಿನ ಎಡ ಅಪಧಮನಿ, ಉಳಿದೆರಡಕ್ಕೆ ಎಡಗಾಲಿನಿಂದ ತೆಗೆದ ಅಭಿಧಮನಿ. ಕಣಕಾಲಿನಿಂದ ಮೊಣಕಾಲಿನ ಕೆಳಗಿನವರೆಗೆ ಉದ್ದನೆಯ ಗಾಯದ ಗುರುತು, ಚೆನ್ನಾಗಿ ಮಾಗಿತ್ತು. ಆ ಪಾದದಲ್ಲಿ ಸಂಜೆಯ ಹೊತ್ತಿಗೆ ಸ್ವಲ್ಪ ಊತ. ಅಭಿಧಮನಿ ತೆಗೆದ ಕಾಲಿನಲ್ಲಿ ಇದು ಸಾಮಾನ್ಯ. ಹೃದಯದ ಪಂಪ್ ಶಕ್ತಿ ಶೇಕಡಾ 45, ಸಹಜಕ್ಕಿಂತ ಸ್ವಲ್ಪ ಕಡಿಮೆ. ಹಿಮೋಗ್ಲೋಬಿನ್ 10.2, ಅದೂ ಕಡಿಮೆ. ಆಸ್ಪಿರಿನ್, ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್, ಬೀಟಾ ಬ್ಲಾಕರ್ ಗುಂಪಿನ ಮೆಟೊಪ್ರೊಲಾಲ್ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು ನಡೆಯುತ್ತಿದ್ದವು.

ಅವರನ್ನು ಕಳುಹಿಸಿದ ಪತ್ರದ ಕೊನೆಯ ಸಾಲು ಹೀಗಿತ್ತು: "ನಡೆಯುವಾಗ ಕಾಲುನೋವು ಇದೆ, ರಕ್ತನಾಳ ತೆಗೆದ ಜಾಗದ್ದು." ಈ ಸಾಲನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾವು ಓದಿದೆವು, ನಂಬಿದೆವು, ಮುಂದೆ ಹೋದೆವು.

ಮೊದಲ ಪರೀಕ್ಷೆ

ಆರು ನಿಮಿಷದ ನಡಿಗೆ ಪರೀಕ್ಷೆ ನೋಡಲು ಬಹಳ ಸರಳ. 1960ರ ದಶಕದಲ್ಲಿ ಆರೋಗ್ಯವಂತರ ದೇಹಸಾಮರ್ಥ್ಯ ಅಳೆಯಲು ಹನ್ನೆರಡು ನಿಮಿಷದ ಓಟವಿತ್ತು. 1976ರಲ್ಲಿ ಶ್ವಾಸಕೋಶದ ರೋಗಿಗಳಿಗಾಗಿ ಅದು ಹನ್ನೆರಡು ನಿಮಿಷದ ನಡಿಗೆಯಾಯಿತು. 1982ರಲ್ಲಿ ಆರು ನಿಮಿಷವೇ ಸಾಕೆಂದು ಕಂಡುಕೊಂಡರು, 1985ರ ಹೊತ್ತಿಗೆ ಹೃದಯ ವೈಫಲ್ಯದ ರೋಗಿಗಳಲ್ಲೂ ಬಳಸತೊಡಗಿದರು. ಅಮೆರಿಕದ ಎದೆರೋಗ ತಜ್ಞರ ಸಂಘ 2002ರಲ್ಲಿ ಇದಕ್ಕೆ ಒಂದು ಖಚಿತ ವಿಧಾನ ಬರೆಯಿತು: 30 ಮೀಟರ್ ನೇರ ಓಣಿ, ಎರಡು ತುದಿಗೆ ಕೋನ್, ಶುರುವಿಗೆ ಮುನ್ನ ಹತ್ತು ನಿಮಿಷ ಕುರ್ಚಿಯಲ್ಲಿ ವಿಶ್ರಾಂತಿ, ಪ್ರತಿ ನಿಮಿಷಕ್ಕೂ ಒಂದೇ ದನಿಯಲ್ಲಿ ಹೇಳಬೇಕಾದ ನಿಗದಿತ ಮಾತು. ಪರೀಕ್ಷಕರು ರೋಗಿಯ ಜೊತೆ ನಡೆಯಬಾರದು. ರೋಗಿ ದಣಿದರೆ ನಿಲ್ಲಬಹುದು, ಗೋಡೆಗೆ ಒರಗಬಹುದು. ಗಡಿಯಾರ ಮಾತ್ರ ಓಡುತ್ತಲೇ ಇರಬೇಕು.

ಸುರಕ್ಷತೆಯ ಮಟ್ಟಿಗೆ ನಾವು ಯಾವುದನ್ನೂ ಬಿಟ್ಟಿರಲಿಲ್ಲ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾಗಲಿ ಅಸ್ಥಿರ ಎದೆನೋವಾಗಲಿ ಇರಲಿಲ್ಲ. ವಿಶ್ರಾಂತಿಯ ನಾಡಿ 120ರ ಒಳಗೆ, ರಕ್ತದೊತ್ತಡ 180/100ರ ಒಳಗೆ ಇತ್ತು. ನಾಲಿಗೆಯಡಿ ಇಡುವ ಮಾತ್ರೆ, ಆಮ್ಲಜನಕ, ಡಿಫಿಬ್ರಿಲೇಟರ್ ಎಲ್ಲವೂ ಹತ್ತಿರದಲ್ಲಿದ್ದವು.

ಸಡಿಲಬಿಟ್ಟದ್ದು ವಿಧಾನವನ್ನು. ಆ ದಿನ ನಮ್ಮ ಉದ್ದದ ಓಣಿಯಲ್ಲಿ ಮಂಚಗಳನ್ನು ಸಾಗಿಸುತ್ತಿದ್ದರು. ಹಾಗಾಗಿ ಪಕ್ಕದ 14 ಮೀಟರ್ ಓಣಿಯನ್ನು ಬಳಸಿದೆವು. 252 ಮೀಟರ್ ಎಂದರೆ ಅಲ್ಲಿ ಹದಿನೆಂಟು ಸಲ ಆಚೀಚೆ, ಹದಿನೇಳು ತಿರುವು. ಪ್ರತಿ ತಿರುವಿಗೂ ವೇಗ ಕಡಿಮೆಯಾಗುತ್ತದೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ ಹಿಡಿದು ನಮ್ಮ ಸಹಾಯಕಿ ಅವರ ಪಕ್ಕದಲ್ಲೇ ನಡೆದಳು. ಹಾಗೆ ನಡೆದಾಗ ರೋಗಿ ತನ್ನ ವೇಗ ಬಿಟ್ಟು ಜೊತೆಯವರ ವೇಗಕ್ಕೆ ಹೊಂದಿಕೊಳ್ಳುತ್ತಾರೆ. ಕಾಲಲ್ಲಿ ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ. ಮತ್ತೊಮ್ಮೆ ನಡೆಸಿ ನೋಡಲೂ ಇಲ್ಲ. ಎರಡನೆಯ ಸಲ ಬಹುತೇಕರು ಹೆಚ್ಚು ದೂರ ನಡೆಯುತ್ತಾರೆ ಎಂಬುದು ಗೊತ್ತಿದ್ದೇ, 2014ರ ಅಂತರರಾಷ್ಟ್ರೀಯ ಮಾನದಂಡ ಎರಡು ಪರೀಕ್ಷೆ ಮಾಡಿ ಹೆಚ್ಚಿನದನ್ನು ಬರೆದುಕೊಳ್ಳಿ ಎನ್ನುತ್ತದೆ.

ನಾಲ್ಕನೆಯ ನಿಮಿಷದಲ್ಲಿ ಅವರು ಗೋಡೆಗೆ ಕೈಕೊಟ್ಟು ಐವತ್ತು ಸೆಕೆಂಡ್ ನಿಂತರು. ನಮೂನೆಯಲ್ಲಿ "ವಿಶ್ರಾಂತಿ: 1 ಸಲ. ಕಾರಣ: ಆಯಾಸ" ಎಂದು ಬರೆದೆ. ಕಾರಣವನ್ನು ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಉಳಿದ ಅಂಕಿಗಳು ಹೀಗಿದ್ದವು: ನಾಡಿ 78ರಿಂದ 91ಕ್ಕೆ ಏರಿತ್ತು. ರಕ್ತದೊತ್ತಡ 132/78ರಿಂದ 142/80. ಆಮ್ಲಜನಕ 97ರಿಂದ 96. ಶ್ರಮವನ್ನು 6ರಿಂದ 20ರವರೆಗೆ ಗುರುತಿಸುವ ಬೋರ್ಗ್ ಮಾಪಕದಲ್ಲಿ ಅವರು ಬೆರಳಿಟ್ಟದ್ದು 11ರ ಮೇಲೆ, ಅಂದರೆ "ಹಗುರ".

ಈ ಸಾಲನ್ನು ಇಂದು ಓದಿದರೆ ನನಗೆ ನೋವಾಗುತ್ತದೆ. ಅವರ ಎತ್ತರ, ತೂಕ, ವಯಸ್ಸಿಗೆ ಲೆಕ್ಕ ಹಾಕಿದರೆ ನಿರೀಕ್ಷಿತ ದೂರ ಸುಮಾರು 477 ಮೀಟರ್. 338ಕ್ಕಿಂತ ಕೆಳಗಿದ್ದರೆ ಅಸಹಜ. ಅವರು ಅದಕ್ಕಿಂತಲೂ ಬಹಳ ಕೆಳಗಿದ್ದರು. ಅಷ್ಟು ಕಡಿಮೆ ನಡೆದವರಿಗೆ ಹೃದಯವೋ ಶ್ವಾಸಕೋಶವೋ ಅಡ್ಡಿಯಾಗಿದ್ದರೆ ಏದುಸಿರು ಬರಬೇಕಿತ್ತು, ಶ್ರಮದ ಅಂಕ 14-15 ತಲುಪಬೇಕಿತ್ತು. ದೂರ ಕಡಿಮೆ, ಉಸಿರು ಹಗುರ: ಇವೆರಡೂ ಒಂದೇ ಹಾಳೆಯಲ್ಲಿ ಕೂರುವುದಿಲ್ಲ. ನಾಡಿ ಏರದಿದ್ದುದಕ್ಕೆ ಮೆಟೊಪ್ರೊಲಾಲ್ ಕಾರಣ ಎಂದು ಸಮಾಧಾನ ಹೇಳಿಕೊಂಡೆವು. ಬೀಟಾ ಬ್ಲಾಕರ್ ನಾಡಿಯನ್ನು ತಗ್ಗಿಸುತ್ತದೆ ನಿಜ. ಆದರೆ ಏದುಸಿರನ್ನು ಅಡಗಿಸುವುದಿಲ್ಲ.

ಎರಡೂವರೆ ವಾರ

252 ಮೀಟರನ್ನು ಹತ್ತರಿಂದ ಗುಣಿಸಿದರೆ ಗಂಟೆಗೆ 2.52 ಕಿಲೋಮೀಟರ್. ರೂಢಿಯಂತೆ ಅದರ ಶೇಕಡಾ 80, ಅಂದರೆ ಗಂಟೆಗೆ 2 ಕಿಲೋಮೀಟರ್ ವೇಗಕ್ಕೆ ಟ್ರೆಡ್‌ಮಿಲ್ ಇಟ್ಟೆವು. ಹದಿನೈದು ನಿಮಿಷ, ವಾರಕ್ಕೆ ಮೂರು ದಿನ.

ಅವರು ನಿರಾಳವಾಗಿ ನಡೆದರು. ನೋವಿಲ್ಲ, ಉಬ್ಬಸವಿಲ್ಲ, ಇಸಿಜಿಯಲ್ಲಿ ವ್ಯತ್ಯಾಸವಿಲ್ಲ. ಎಲ್ಲರಿಗೂ ಸಂತೋಷ. ಆದರೆ ಸಮತಟ್ಟಿನಲ್ಲಿ ಆ ವೇಗಕ್ಕೆ ಬೇಕಾಗುವ ಆಮ್ಲಜನಕ ಕಿಲೋ ತೂಕಕ್ಕೆ ನಿಮಿಷಕ್ಕೆ 7 ಮಿಲಿಲೀಟರಿಗೂ ಕಡಿಮೆ. ಸುಮ್ಮನೆ ಕುಳಿತಾಗ ಬೇಕಾಗುವುದರ ಎರಡು ಪಟ್ಟೂ ಆಗುವುದಿಲ್ಲ. ಹೃದಯಕ್ಕೆ ತರಬೇತಿ ಕೊಡುತ್ತಿದ್ದೇವೆ ಎಂದುಕೊಂಡು ಅದನ್ನು ಹೆಚ್ಚುಕಡಿಮೆ ವಿಶ್ರಾಂತಿಯಲ್ಲೇ ಇಟ್ಟಿದ್ದೆವು.

ಎರಡು ಸಲ ವೇಗವನ್ನು 2.8ಕ್ಕೆ ಏರಿಸಿದೆವು. ಎರಡು ಸಲವೂ ನಾಲ್ಕು ನಿಮಿಷವಾಗುತ್ತಲೇ "ಸಾಕು, ಕಾಲು ಸೋತಿತು" ಎಂದರು. ಪತ್ರದಲ್ಲಿದ್ದ ಸಾಲು ನಮ್ಮ ತಲೆಯಲ್ಲಿತ್ತು. ಗಾಯದ ಕಾಲು, ಇನ್ನೂ ಸ್ವಲ್ಪ ದಿನ ಬೇಕು ಎಂದು ಮತ್ತೆ 2ಕ್ಕೆ ಇಳಿಸಿದೆವು.

ತಿರುವು

ಎಂಟನೆಯ ದಿನದ ವ್ಯಾಯಾಮ. ಯಂತ್ರದಿಂದ ಇಳಿದು ಕುರ್ಚಿಯಲ್ಲಿ ಕುಳಿತರು. ರಕ್ತದೊತ್ತಡದ ಪಟ್ಟಿ ಕಟ್ಟಲು ನಾನು ಅವರ ಮುಂದೆ ಮಂಡಿಯೂರಿದೆ. ಎಡಗಾಲಿನ ಮೇಲೆ, ಬಟ್ಟೆ ಸರಿದ ಕಡೆ, ಗಾಯದ ಗೆರೆ ಕಾಣುತ್ತಿತ್ತು. ಅವರ ಕೈ ಇದ್ದದ್ದು ಬಲಗಾಲಿನ ಮೀನಖಂಡದ ಮೇಲೆ. ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ನಿಧಾನವಾಗಿ ತೀಡುತ್ತಿದ್ದರು.

"ಅಮ್ಮಾ, ನೋವು ಯಾವ ಕಾಲಿನಲ್ಲಿ?" ಎಂದು ಕೇಳಿದೆ.

"ಇದರಲ್ಲೇ," ಎಂದು ಬಲಗಾಲನ್ನೇ ತಟ್ಟಿದರು. "ಕೊಯ್ದ ಕಾಲು ಆರಾಮವಾಗಿದೆ."

"ಆಪರೇಷನ್‌ಗೆ ಮುಂಚೆಯೂ ಇತ್ತೇ?"

"ಇತ್ತು ಅನ್ನಿಸುತ್ತದೆ. ಆದರೆ ಆಗ ಎದೆ ಹಿಡಿದುಕೊಳ್ಳುತ್ತಿತ್ತಲ್ಲ, ಕಾಲು ನೋಯುವ ಮೊದಲೇ ನಿಂತುಬಿಡುತ್ತಿದ್ದೆ. ಈಗ ಎದೆ ಸುಮ್ಮನಿದೆ, ಕಾಲು ಮಾತಾಡುತ್ತದೆ."

ಅವರ ಈ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಇಂದಿಗೂ ಹೇಳುತ್ತೇನೆ. ಒಬ್ಬರ ನಡಿಗೆಯನ್ನು ತಡೆಯುವುದು ಆ ಹೊತ್ತಿಗೆ ಎಲ್ಲಕ್ಕಿಂತ ಮೊದಲು ಸೋಲುವ ಅಂಗ. ಎದೆನೋವು ಇರುವವರೆಗೆ ಅದೇ ಮೊದಲ ಅಡ್ಡಿಯಾಗಿತ್ತು. ಶಸ್ತ್ರಚಿಕಿತ್ಸೆ ಅದನ್ನು ತೆಗೆದುಹಾಕಿದ ಮೇಲೆ ಅದರ ಹಿಂದೆ ಅಡಗಿದ್ದ ಎರಡನೆಯ ಅಡ್ಡಿ ಮುಂದೆ ಬಂತು. ಬೈಪಾಸ್ ಆದವರಲ್ಲಿ ಕಾಲಿನ ರಕ್ತನಾಳಗಳಲ್ಲೂ ಕೊಬ್ಬು ಕಟ್ಟಿರುವುದು ಅಪರೂಪವೇನಲ್ಲ. ರೋಗ ಒಂದೇ, ಜಾಗ ಬೇರೆ. ಅದರ ಮೇಲೆ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ.

ಆದರೆ ಆ ಕ್ಷಣಕ್ಕೆ ನಾನು ಮೊದಲು ಯೋಚಿಸಬೇಕಾದದ್ದು ಬೇರೆಯೇ ಇತ್ತು. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳೂ ತುಂಬದವರ ಮೀನಖಂಡ ನೋಯುತ್ತಿದೆ ಎಂದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಪ್ರಶ್ನೆಗೆ ಅದೇ ದಿನ ಉತ್ತರ ಬೇಕು. ಬಲಗಾಲಿನಲ್ಲಿ ಊತವಿರಲಿಲ್ಲ, ಬಿಸಿ ಇರಲಿಲ್ಲ, ಕುಳಿತಾಗ ನೋವಿರಲಿಲ್ಲ. ಹಾಗಿದ್ದರೂ ಅಂದಿನ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕರೆದೆವು. ಸ್ಕ್ಯಾನ್ ಆಯಿತು, ಹೆಪ್ಪು ಇರಲಿಲ್ಲ. ಇದನ್ನು ನಮ್ಮ ಒಳ್ಳೆಯ ನಿರ್ಧಾರಗಳಲ್ಲಿ ಒಂದೆಂದು ಎಣಿಸುತ್ತೇನೆ. "ಇದು ರಕ್ತಸಂಚಾರದ ನೋವೇ ಇರಬೇಕು" ಎಂಬ ಹೊಸ ಊಹೆಯ ಉತ್ಸಾಹದಲ್ಲಿ ಅಪಾಯದ ಸಾಧ್ಯತೆಯನ್ನು ದಾಟಿ ಹೋಗಿದ್ದರೆ, ಮೊದಲ ತಪ್ಪನ್ನೇ ಇನ್ನೊಂದು ರೂಪದಲ್ಲಿ ಮಾಡಿದಂತಾಗುತ್ತಿತ್ತು.

ಆಮೇಲೆ ಉಳಿದವನ್ನು ಒಂದೊಂದಾಗಿ ನೋಡಿದೆವು. ಸ್ಟ್ಯಾಟಿನ್‌ನಿಂದ ಬರುವ ಸ್ನಾಯುನೋವು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಹೋಗುವುದಿಲ್ಲ. ಬೆನ್ನುಮೂಳೆಯ ಕಾಲುವೆ ಕಿರಿದಾಗಿ ಬರುವ ನೋವು ಕುಳಿತರೆ ಅಥವಾ ಮುಂದೆ ಬಾಗಿದರೆ ಕಡಿಮೆಯಾಗುತ್ತದೆ, ಬರೀ ನಿಂತರೆ ಸಾಲದು. ಇವರಿಗೆ ಗೋಡೆ ಹಿಡಿದು ನೇರವಾಗಿ ನಿಂತರೂ ಸಾಕಾಗುತ್ತಿತ್ತು. ಬಲ ಪಾದದ ನಾಡಿ ಬೆರಳಿಗೆ ಸಿಗಲಿಲ್ಲ. ಎಡ ಪಾದದ್ದು ಸಿಕ್ಕಿತು.

ರಕ್ತದ ಹರಿವನ್ನು ಶಬ್ದತರಂಗದಿಂದ ಗುರುತಿಸುವ ಡಾಪ್ಲರ್ ಇಟ್ಟು ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ ಅಳೆದರು. ಕಣಕಾಲಿನ ಒತ್ತಡ ಬಲಗಾಲಿನಲ್ಲಿ 98, ಎಡಗಾಲಿನಲ್ಲಿ 138. ತೋಳುಗಳೆರಡನ್ನೂ ನೋಡಿದರು: ಬಲ 142, ಎಡ 138. ಎದೆಯೊಳಗಿನ ಎಡ ಅಪಧಮನಿಯನ್ನು ಹೃದಯಕ್ಕೆ ಜೋಡಿಸಿರುವವರಲ್ಲಿ ಎರಡೂ ತೋಳು ನೋಡುವುದು ಮುಖ್ಯ. ಎಡತೋಳಿಗೆ ಹೋಗುವ ದೊಡ್ಡ ನಾಳ ಕಿರಿದಾಗಿದ್ದರೆ ಆ ಬೈಪಾಸ್‌ಗೂ ರಕ್ತ ಕಡಿಮೆಯಾಗುತ್ತದೆ. ಇವರಲ್ಲಿ ಆ ತೊಂದರೆ ಇರಲಿಲ್ಲ. ತೋಳುಗಳಲ್ಲಿ ಹೆಚ್ಚಿನದಾದ 142ರಿಂದ ಭಾಗಿಸಿದರೆ ಬಲಗಾಲಿನ ಅನುಪಾತ 0.69, ಎಡಗಾಲಿನದು 0.97. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ಅಪಧಮನಿ ರೋಗ ಎಂದು ಪರಿಗಣಿಸುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳದ ಗೋಡೆ ಗಟ್ಟಿಯಾಗಿ ಈ ಅನುಪಾತ ಸುಳ್ಳಾಗಿ ಮೇಲೆ ಹೋಗುವುದೂ ಉಂಟು. ಆಗ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ಮತ್ತೆ ಅಳೆದದ್ದು

ಈ ಸಲ 30 ಮೀಟರ್ ಓಣಿ ಖಾಲಿಯಾಗುವವರೆಗೆ ಕಾದೆವು. ನೆಲದ ಮೇಲೆ ಮೂರು ಮೀಟರಿಗೊಂದು ಗುರುತು. ಕಾಲಿಗೆ ಹೊಂದುವ ಶೂ. ಜೊತೆಗೆ ಯಾರೂ ನಡೆಯಲಿಲ್ಲ. ಕೈಯಲ್ಲಿ ಎರಡನೆಯ ಹಾಳೆ ಇಟ್ಟುಕೊಂಡು, ಮೀನಖಂಡ ಹಿಡಿಯಲು ಶುರುವಾದಾಗ ಕೈ ಎತ್ತುವಂತೆ ಹೇಳಿದೆ.

ಮೊದಲ ನಡಿಗೆ: 148 ಮೀಟರಿಗೆ ಕೈ ಎತ್ತಿದರು, 214ಕ್ಕೆ ನಿಂತರು, ಎಪ್ಪತ್ತು ಸೆಕೆಂಡ್ ಬಿಟ್ಟು ಮತ್ತೆ ಹೊರಟರು. ಒಟ್ಟು 286. ಅರ್ಧ ಗಂಟೆ ಕಳೆದು ಎರಡನೆಯ ನಡಿಗೆ: 150ಕ್ಕೆ ಕೈ, 220ಕ್ಕೆ ನಿಲುಗಡೆ, ಒಟ್ಟು 294.

ಒಟ್ಟು ದೂರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 148 ಮತ್ತು 150. ಆಯಾಸ, ಭಯ, ಬೇಸರಗಳಿಂದ ನಿಲ್ಲುವವರು ಎರಡು ಸಲವೂ ಒಂದೇ ಗುರುತಿನ ಬಳಿ ನಿಲ್ಲುವುದಿಲ್ಲ. ಸ್ನಾಯುವಿಗೆ ಬೇಕಾದ ರಕ್ತಕ್ಕೂ ಬರುವ ರಕ್ತಕ್ಕೂ ಇರುವ ಅಂತರ ಅದೇ ವೇಗದಲ್ಲಿ ನಡೆದರೆ ಅದೇ ದೂರಕ್ಕೆ ನೋವಾಗಿ ಕಾಣಿಸಿಕೊಳ್ಳುತ್ತದೆ. ಇನ್ನೊಂದು ಲೆಕ್ಕವನ್ನೂ ಅಂದೇ ಮಾಡಿದೆ. ಮೊದಲ ನಡಿಗೆಯಲ್ಲಿ ನಿಂತ ಎಪ್ಪತ್ತು ಸೆಕೆಂಡ್ ಕಳೆದರೆ ಅವರು ನಡೆಯುವಾಗಿನ ವೇಗ ಗಂಟೆಗೆ ಸುಮಾರು 3.5 ಕಿಲೋಮೀಟರ್! ನಾವು ಟ್ರೆಡ್‌ಮಿಲ್ ಇಟ್ಟದ್ದು 2ಕ್ಕೆ. ನಿಂತ ಹೊತ್ತನ್ನೂ ಸೇರಿಸಿ ಸರಾಸರಿ ತೆಗೆದು, ಅದನ್ನು ಅವರ ವೇಗವೆಂದು ಕರೆದಿದ್ದೆವು.

ಇಲ್ಲಿ ನಮ್ಮ ತಂಡದಲ್ಲಿ ಚರ್ಚೆಯಾಯಿತು. ಸಹೋದ್ಯೋಗಿಯೊಬ್ಬರು ಶಟಲ್ ನಡಿಗೆ ಪರೀಕ್ಷೆ ಮಾಡೋಣ ಎಂದರು. ಅದರಲ್ಲಿ 10 ಮೀಟರ್ ಅಂತರದಲ್ಲಿ ಬೀಪ್ ಸದ್ದಿಗೆ ಸರಿಯಾಗಿ ಆಚೀಚೆ ನಡೆಯಬೇಕು, ಗಂಟೆಗೆ 1.8 ಕಿಲೋಮೀಟರಿನಿಂದ ಶುರುವಾಗಿ ಪ್ರತಿ ನಿಮಿಷಕ್ಕೂ ವೇಗ ಏರುತ್ತದೆ. ಹನ್ನೆರಡು ಹಂತ, ಪೂರ್ಣ ಮುಗಿಸಿದರೆ 1020 ಮೀಟರ್. ರೋಗಿಯ ಮನಸ್ಸಿನ ಹಿಂಜರಿಕೆ, ಪರೀಕ್ಷಕರ ಹುರಿದುಂಬಿಸುವಿಕೆ ಇವು ಫಲಿತಾಂಶವನ್ನು ಅಷ್ಟಾಗಿ ಎಳೆದಾಡುವುದಿಲ್ಲ. ಹೃದಯ ಪುನಶ್ಚೇತನಕ್ಕೆ ಬರುವ ಹೆಚ್ಚು ಶಕ್ತರಿಗೆ ಆರು ನಿಮಿಷದ ಪರೀಕ್ಷೆಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯವೂ ಹೌದು. ಓಡದೆ ನಡೆಯುವವರಿಗೆ ಆರು ನಿಮಿಷದಲ್ಲಿ ದೂರಕ್ಕೆ ಒಂದು ಮಿತಿ ಬಂದುಬಿಡುತ್ತದೆ. ಬೇರೊಂದು ದಿನ ಮಾಡಿಸಿದೆವು. ನಾಲ್ಕನೆಯ ಹಂತ ಮುಗಿಸಿ ಐದನೆಯದರಲ್ಲಿ ಒಂದು ಸಾಲು ನಡೆದು 190 ಮೀಟರಿಗೆ ನಿಂತರು. ಮತ್ತೆ ಬಲ ಮೀನಖಂಡ. ನಾಡಿ 96.

ಪರೀಕ್ಷೆ ಬದಲಾದರೂ ಉತ್ತರ ಬದಲಾಗಲಿಲ್ಲ, ಏಕೆಂದರೆ ಎರಡೂ ಕಾಲನ್ನೇ ಅಳೆಯುತ್ತಿದ್ದವು. ಹೊಸದಾಗಿ ಬೈಪಾಸ್ ಆದ ಹೃದಯ ಶ್ರಮಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬ ಬಗ್ಗೆ ನಮ್ಮ ಬಳಿ ಇನ್ನೂ ಒಂದೇ ಒಂದು ಸಾಲೂ ಇರಲಿಲ್ಲ. ಎದೆನೋವು ಬರಲಿಲ್ಲ ಎಂಬುದನ್ನು ಹೃದಯ ಚೆನ್ನಾಗಿದೆ ಎಂದು ಓದಬಾರದು. ಹೃದಯಕ್ಕೆ ಕೆಲಸವೇ ಬೀಳುವ ಮೊದಲು ಕಾಲು ನಿಲ್ಲಿಸುತ್ತಿತ್ತು.

ತೋಳಿನಿಂದ ತಿರುಗಿಸುವ ಸೈಕಲ್ ಒಂದು ದಾರಿಯಾಗಿತ್ತು, ಆದರೆ ಎದೆಮೂಳೆ ಇನ್ನೂ ಕೂಡಿಕೊಳ್ಳುತ್ತಿದ್ದ ಕಾಲ ಅದು. ಹಾಗಾಗಿ ಹೃದ್ರೋಗ ತಜ್ಞರ ಎದುರಿನಲ್ಲಿ, ಪೂರ್ಣ ಇಸಿಜಿ ಜೋಡಿಸಿ, ಕುಳಿತು ತುಳಿಯುವ ಸೈಕಲ್ ಮೇಲೆ ನಿಮಿಷಕ್ಕೆ 10 ವ್ಯಾಟ್‌ನಂತೆ ಏರಿಸುತ್ತ ಹೋದೆವು. 60 ವ್ಯಾಟ್ ತಲುಪಿದರು. ನಾಡಿ 112, ರಕ್ತದೊತ್ತಡ 168/80, ಶ್ರಮದ ಅಂಕ 15. ಈ ಸಲ ನಿಲ್ಲಿಸಿದ್ದು ಏದುಸಿರು ಮತ್ತು ತೊಡೆಯ ದಣಿವು. ಇಸಿಜಿಯಲ್ಲಿ ರಕ್ತ ಸಾಲದ ಲಕ್ಷಣ ಕಾಣಲಿಲ್ಲ. ಬಂದ ಮೇಲೆ ಮೊದಲ ಬಾರಿ ಅವರ ಹಣೆಯ ಮೇಲೆ ಬೆವರು ನೋಡಿದೆ. ಇಳಿದು ನಕ್ಕರು.

ಹೊಸ ಯೋಜನೆ, ಮತ್ತು ಅದು ಎಡವಿದ ಜಾಗ

ಕಾರ್ಯಕ್ರಮವನ್ನು ಎರಡು ಭಾಗ ಮಾಡಿದೆವು. ಹೃದಯಕ್ಕೆ ಸೈಕಲ್: ಶ್ರಮದ ಅಂಕ 12-13 ಇರುವಂತೆ ಹದಿನೈದರಿಂದ ಇಪ್ಪತ್ತು ನಿಮಿಷ. ಕಾಲಿಗೆ ನಿಂತು ನಿಂತು ನಡೆಯುವ ನಡಿಗೆ: ಗಂಟೆಗೆ 3.2 ಕಿಲೋಮೀಟರ್ ವೇಗ, ನೋವು 4ರಲ್ಲಿ 3ನೆಯ ಮಟ್ಟಕ್ಕೆ ಬರುವವರೆಗೆ ನಡೆಯುವುದು, ಪೂರ್ತಿ ಇಳಿಯುವವರೆಗೆ ಕೂರುವುದು, ಮತ್ತೆ ನಡೆಯುವುದು. ಒಟ್ಟು ಮೂವತ್ತು ನಿಮಿಷದಿಂದ ಶುರು, ಕ್ರಮೇಣ ನಲವತ್ತೈದು. ವಾರಕ್ಕೆ ಮೂರು ದಿನ, ಹನ್ನೆರಡು ವಾರ. ರಕ್ತನಾಳ ತಜ್ಞರು ಸದ್ಯಕ್ಕೆ ಔಷಧ ಮತ್ತು ವ್ಯಾಯಾಮ ಸಾಕೆಂದರು, ಸ್ಟ್ಯಾಟಿನ್ ಪ್ರಮಾಣ ಹೆಚ್ಚಿಸಿದರು. ಹಿಮೋಗ್ಲೋಬಿನ್‌ಗೆ ಚಿಕಿತ್ಸೆ ಶುರುವಾಯಿತು. ಪಾದದ ಸ್ಪರ್ಶಜ್ಞಾನ ಪರೀಕ್ಷಿಸಿ, ದಿನವೂ ಪಾದ ನೋಡಿಕೊಳ್ಳುವುದನ್ನು ಕಲಿಸಿದೆವು. ಬೀಟಾ ಬ್ಲಾಕರ್ ನಿಲ್ಲಿಸಿದರೆ ಕಾಲಿಗೆ ಒಳ್ಳೆಯದಲ್ಲವೇ ಎಂದು ತರಬೇತಿಯಲ್ಲಿದ್ದ ಕಿರಿಯ ವೈದ್ಯರೊಬ್ಬರು ಕೇಳಿದರು. ಹಳೆಯ ನಂಬಿಕೆ ಅದು. ಸಾಧಾರಣ ಮಟ್ಟದ ಕಾಲುನೋವಿನಲ್ಲಿ ಈ ಔಷಧ ನಡಿಗೆಯನ್ನು ಹಾಳುಮಾಡುವುದು ಪ್ರಯೋಗಗಳಲ್ಲಿ ಕಂಡಿಲ್ಲ, ಹೃದಯಕ್ಕೆ ಅದರ ಅಗತ್ಯವಂತೂ ಇತ್ತು. ಮುಂದುವರಿಸಿದರು.

ಎರಡನೆಯ ವಾರದಲ್ಲಿ ಅವರು ಸತತ ಎರಡು ದಿನ ಬರಲಿಲ್ಲ. ಫೋನ್ ಮಾಡಿದಾಗ ಮನೆಯಲ್ಲಿ ಕೆಲಸವಿತ್ತು ಎಂದರು. ಮೂರನೆಯ ಸಲ ಕೇಳಿದಾಗ ನಿಜ ಹೊರಬಂತು.

"ನೋವು ಬಂದರೆ ತಕ್ಷಣ ನಿಲ್ಲಿಸಿ ಎಂದು ಮೊದಲ ದಿನ ಹೇಳಿದವರು ನೀವೇ. ಈಗ ನೋವು ಬಂದರೂ ನಡೆಯಿರಿ ಎನ್ನುತ್ತೀರಿ. ಯಾವುದನ್ನು ನಂಬಲಿ?"

ಅವರು ಕೇಳಿದ್ದು ನೂರಕ್ಕೆ ನೂರು ನ್ಯಾಯ. ಎದೆಗೆ ಹೇಳಿದ ನಿಯಮವನ್ನು ಹಿಂತೆಗೆದುಕೊಳ್ಳದೆ, ಬೇರ್ಪಡಿಸಿಯೂ ಹೇಳದೆ, ಕಾಲಿಗೆ ಅದರ ವಿರುದ್ಧದ ನಿಯಮ ಕೊಟ್ಟಿದ್ದೆವು. ಎದೆನೋವಿನಿಂದ ಎಂಟು ತಿಂಗಳು ಹೆದರಿ ಬದುಕಿದವರಿಗೆ ನೋವು ಎಂದರೆ ನೋವೇ. ಮರುದಿನ ಒಂದು ರಟ್ಟಿನ ಚೀಟಿಯ ಮೇಲೆ ಎರಡು ಸಾಲು ದೊಡ್ಡದಾಗಿ ಬರೆದುಕೊಟ್ಟೆ. ಎದೆ, ದವಡೆ, ತೋಳು: ನೋವು ಬಂದ ಕೂಡಲೇ ನಿಲ್ಲಿ, ನಮ್ಮನ್ನು ಕರೆಯಿರಿ. ಮೀನಖಂಡ: 3ರವರೆಗೆ ನಡೆಯಿರಿ, ಕೂರಿ, ಹೋದ ಮೇಲೆ ಮತ್ತೆ ನಡೆಯಿರಿ. ಕಾಲಿನ ನೋವು ಸ್ನಾಯುವಿಗೆ ಹಾನಿ ಮಾಡುತ್ತಿಲ್ಲ, ಇರುವ ರಕ್ತವನ್ನು ಚೆನ್ನಾಗಿ ಬಳಸಿಕೊಳ್ಳುವುದನ್ನು ಅದಕ್ಕೆ ಕಲಿಸುತ್ತಿದ್ದೇವೆ ಎಂದು ಬಿಡಿಸಿ ಹೇಳಿದೆ. ವಿಶ್ರಾಂತಿಯಲ್ಲೂ ನೋವು ಬಂದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಪಾದದಲ್ಲಿ ಹುಣ್ಣಾದರೆ ಕಾಯದೆ ತಿಳಿಸಬೇಕು ಎಂಬುದನ್ನೂ ಸೇರಿಸಿದೆ. ಆ ಚೀಟಿಯನ್ನು ಅವರು ಟ್ರೆಡ್‌ಮಿಲ್ ಹಿಡಿಗೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಹನ್ನೆರಡು ವಾರದ ನಂತರ

ಅದೇ ಓಣಿ, ಅದೇ ಹೊತ್ತು, ಅದೇ ಶೂ. ಎರಡು ನಡಿಗೆಗಳಲ್ಲಿ ಹೆಚ್ಚಿನದು 368 ಮೀಟರ್. ಕೈ ಎತ್ತಿದ್ದು 265ಕ್ಕೆ. ಒಮ್ಮೆಯೂ ನಿಲ್ಲಲಿಲ್ಲ. ಶ್ರಮದ ಅಂಕ 13. ಅಂದರೆ ಈಗ ಉಸಿರೂ ನಡಿಗೆಯಲ್ಲಿ ಪಾಲು ಪಡೆಯತೊಡಗಿತ್ತು. ಶಟಲ್ ಪರೀಕ್ಷೆಯಲ್ಲಿ 290 ಮೀಟರ್. ಸೈಕಲ್ 80 ವ್ಯಾಟ್. ಹಿಮೋಗ್ಲೋಬಿನ್ 11.9. ಬಲಗಾಲಿನ ಅನುಪಾತ 0.71, ಇದು ಬದಲಾಗಿಲ್ಲ ಎಂದೇ ಹೇಳಬೇಕು. ನಡಿಗೆ ತರಬೇತಿ ದೂರವನ್ನು ಹೆಚ್ಚಿಸುತ್ತದೆ, ಈ ಅನುಪಾತವನ್ನು ಸಾಮಾನ್ಯವಾಗಿ ಕದಲಿಸುವುದಿಲ್ಲ. ಇದನ್ನು ರೋಗಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ಎರಡನೆಯ ವರದಿ ನೋಡಿ ಕುಗ್ಗುತ್ತಾರೆ.

ಏರಿಕೆ ಎಷ್ಟು? 294ರಿಂದ 368, ಅಂದರೆ 74 ಮೀಟರ್. ಹೃದಯದ ರಕ್ತನಾಳ ರೋಗ ಇರುವವರಲ್ಲಿ ಸುಮಾರು 25 ಮೀಟರ್ ಹೆಚ್ಚಿದರೆ ರೋಗಿಗೆ ಅನುಭವಕ್ಕೆ ಬರುವ ಸುಧಾರಣೆ ಎನ್ನುತ್ತಾರೆ; ಇವರದು ಅದರ ಸುಮಾರು ಮೂರು ಪಟ್ಟು. ಆದರೆ ಆ ಮೊದಲ 252 ಮೀಟರನ್ನೇ ಆರಂಭವೆಂದು ಇಟ್ಟುಕೊಂಡಿದ್ದರೆ 116 ಮೀಟರ್ ಏರಿಕೆ ಎಂದು ವರದಿಯಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದೆವು. ಅದರಲ್ಲಿ 42 ಮೀಟರ್ ನಮ್ಮ ತರಬೇತಿಯ ಫಲವಾಗಿರುವುದಿಲ್ಲ. ಉದ್ದದ ಓಣಿ, ಸರಿಯಾದ ಪಾದರಕ್ಷೆ, ಪಕ್ಕದಲ್ಲಿ ಯಾರೂ ಇಲ್ಲದ ನಡಿಗೆ, ನಡುವೆ ಕಳೆದ ಎರಡೂವರೆ ವಾರದ ಚೇತರಿಕೆ: ಇವುಗಳ ಫಲ. ಆರಂಭದ ಅಳತೆ ಸಡಿಲವಾದಷ್ಟೂ ಕೊನೆಯ ಫಲಿತಾಂಶ ಚೆಂದ ಕಾಣುತ್ತದೆ. ಈ ಮಾತು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಹಳೆಯ ಕಡತಗಳಲ್ಲಿ ಆ ಗಿಡ್ಡ ಓಣಿಯ ನಡಿಗೆಗಳು ಇನ್ನೂ ಇವೆ.

ಘಟಕದಲ್ಲಿ ಬದಲಾದದ್ದು

ಓಣಿ ಖಾಲಿ ಇಲ್ಲದಿದ್ದರೆ ಈಗ ಪರೀಕ್ಷೆಯನ್ನು ಮುಂದೂಡುತ್ತೇವೆ. ಆರಂಭದಲ್ಲಿ ಎರಡು ನಡಿಗೆ ಕಡ್ಡಾಯ. ಸಮಯ ಹಿಡಿಯುತ್ತದೆ, ಹಿಡಿಯಲಿ. ನಮೂನೆಯಲ್ಲಿ "ಆಯಾಸ" ಎಂದು ಟಿಕ್ ಹಾಕುವ ಚೌಕವನ್ನು ತೆಗೆದೆವು. ಅದರ ಜಾಗದಲ್ಲಿ ಖಾಲಿ ಸಾಲು ಇದೆ: "ಇನ್ನೂ ದೂರ ನಡೆಯದಂತೆ ನಿಮ್ಮನ್ನು ತಡೆದದ್ದು ಏನು?" ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆಯಬೇಕು. ಕೆಳಗೆ ಮನುಷ್ಯನ ಆಕೃತಿಯ ಚಿತ್ರ, ಅದರಲ್ಲಿ ಎಡ ಬಲ ಗುರುತು. ಮೊದಲ ಲಕ್ಷಣ ಕಂಡ ದೂರಕ್ಕೆ ಒಂದು ಅಂಕಣ, ನಿಂತ ಹೊತ್ತಿಗೆ ಇನ್ನೊಂದು. ದೂರ ಕಡಿಮೆಯಿದ್ದು ಶ್ರಮದ ಅಂಕ 12ಕ್ಕಿಂತ ಕೆಳಗಿದ್ದರೆ, ಕಾರಣ ಸಿಗುವವರೆಗೆ ಆ ದೂರದಿಂದ ಟ್ರೆಡ್‌ಮಿಲ್ ವೇಗ ಲೆಕ್ಕ ಹಾಕುವಂತಿಲ್ಲ. ಸಕ್ಕರೆ ಕಾಯಿಲೆ ಇರುವ ಎಲ್ಲರ ಪಾದದ ನಾಡಿಯನ್ನು ಮೊದಲ ದಿನವೇ ಮುಟ್ಟಿ ನೋಡುತ್ತೇವೆ. ಎರಡು ನಿಮಿಷದ ಕೆಲಸ.

ಇಷ್ಟರಿಂದ ಎಲ್ಲವೂ ಸಿಕ್ಕಿಬೀಳುತ್ತದೆ ಎಂದು ನಾನು ಹೇಳಲಾರೆ. ಇದು ಒಬ್ಬರ ಕಥೆ. ಇದೇ ನಮೂನೆಯಲ್ಲಿ ಆಮೇಲೆ ಬಂದ ಒಬ್ಬರು "ಬಿದ್ದುಬಿಡುತ್ತೇನೆಂಬ ಹೆದರಿಕೆ" ಎಂದು ಬರೆಸಿದರು, ಇನ್ನೊಬ್ಬರು "ಮಂಡಿ ಸವೆದಿದೆ" ಎಂದರು, ಮತ್ತೊಬ್ಬರು "ಹೊಲಿಗೆ ಬಿಚ್ಚೀತು ಅಂತ" ಎಂದರು. ಮೂವರ ದೂರವೂ 300 ಮೀಟರಿನ ಆಸುಪಾಸು. ಮೂವರಿಗೂ ಬೇಕಾದದ್ದು ಬೇರೆ ಬೇರೆ.

ಆ ತಾಯಿ ಈಗ ಮನೆಯ ಬಳಿಯೇ ನಡೆಯುತ್ತಾರೆ. ಕಾಲಿನ ನಾಳಕ್ಕೆ ಬಲೂನ್ ಚಿಕಿತ್ಸೆ ಬೇಕೇ ಎಂಬುದನ್ನು ರಕ್ತನಾಳ ತಜ್ಞರು ಅವರ ಜೊತೆ ಕುಳಿತು ಮಾತಾಡಿದರು. ನಡೆಯಲು ಆಗುತ್ತಿರುವವರೆಗೆ ಬೇಡ ಎಂದು ಅವರೇ ತೀರ್ಮಾನಿಸಿದರು. ಅವರನ್ನು ನಡೆಸಿದ ನಂತರವೂ ಎಡಗಾಲಿನ ಅನುಪಾತವನ್ನು ಒಮ್ಮೆ ಅಳೆಯಬೇಕಿದೆ, ವಿಶ್ರಾಂತಿಯಲ್ಲಿ 0.97 ಇದ್ದುದು ಶ್ರಮದ ನಂತರ ಇಳಿಯುತ್ತದೆಯೇ ನೋಡಲು. ಮುಂದಿನ ಭೇಟಿಯ ಹಾಳೆಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದೇನೆ.